ಇಳಕಲ್ಲಿನ ಜೋಳಿಗೆ, ಬಾಗಲಕೋಟೆಯ ಸ್ಕಾಚು

ಬಾಗಲಕೋಟೆ ಕಡೆಯವನೊಬ್ಬ ಸ್ಕಾಚ್ ವಿಸ್ಕಿಯ ರುಚಿ ಬಗ್ಗೆ ಮಾತು ತೆಗೆದರೆ ಎದುರಿಗೆ ಎರಡೇ ನಮೂನೆಯ ಮುಖ ಕಾಣುತ್ತವೆ. ಒಂದು, "ಛೇ, ಇವನೂ ಹಾಳಾದ" ಅನ್ನುವ ಮುಖ. ಇನ್ನೊಂದು, "ಯಾವ ಬ್ರ್ಯಾಂಡ್ ಐತಿ? ಎಷ್ಟ್ ಉಳದೈತಿ?" ಅನ್ನುವ ಮುಖ :-) ನಡುವೆ ಏನೂ ಇಲ್ಲ. ರೊಟ್ಟಿ ಬಗ್ಗೆ ನಮ್ಮ ಮಂದಿ ಅರ್ಧ ತಾಸು ಮಾತಾಡಬಲ್ಲರು. ಯಾವ ಹೊಲದ ಜೋಳ, ಬಿಸಿಯದೋ ಖಡಕ್ಕೋ, ಮೇಲೆ ಎಳ್ಳು ಹಚ್ಚಿದ್ದಾರೋ ಇಲ್ಲವೋ... ಆದರೆ ಕುಡಿಯುವುದರ ಬಗ್ಗೆ ಇರುವ ಶಬ್ದ ಎರಡೇ. 'ಏರಿತು', 'ಏರಲಿಲ್ಲ'.

ಹೀಗಾಗಲು ಕಾರಣವಿದೆ. ಅದನ್ನು ಮರೆತು ಬರೀ ಬಾಟಲಿ ಹೊಗಳುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕುಡಿತ ಅಂದರೆ ಸಾರಾಯಿ ಪ್ಯಾಕೆಟ್ಟು, ಮನೆಗೆ ಬಾರದ ಮಜೂರಿ, ರಾತ್ರಿಯ ಹೊಡೆತ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು, ಆದರೆ ಅಗ್ಗದ ವಿಸ್ಕಿ, ರಮ್ಮು ಬಂದು ಅದರ ಜಾಗದಲ್ಲಿ ಕೂತವು. ಇದಕ್ಕೂ ಬಹಳ ಮೊದಲೇ, 1970ರ ದಶಕದಲ್ಲಿ, ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಲು ಶುರು ಮಾಡಿದರು. ಕೇಳಿದ ಭಿಕ್ಷೆ ಜೋಳವಲ್ಲ, ದುಡ್ಡಲ್ಲ. ನಿಮ್ಮ ಚಟಗಳನ್ನು ಇದರಲ್ಲಿ ಹಾಕಿ ಅಂತ. ಅದೇ 'ಮಹಾಂತ ಜೋಳಿಗೆ'. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರವೇ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. (ಉಳಿದ ದಿನಗಳಲ್ಲಿ ಅದೇ ಸರ್ಕಾರ ಅಬಕಾರಿ ಆದಾಯ ಎಣಿಸುತ್ತದೆ, ಆ ಮಾತು ಬೇರೆ.)

ಇಳಕಲ್ಲಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ನೇಕಾರರ ಮನೆತನ. ಅವನ ಅಪ್ಪ ಒಂದು ಕಾಲಕ್ಕೆ ವಾರದ ದುಡಿಮೆಯನ್ನೆಲ್ಲಾ ಸಾರಾಯಿ ಅಂಗಡಿಗೆ ಸುರಿದು ಬರುತ್ತಿದ್ದವರು. ಜೋಳಿಗೆಗೆ ಹಾಕಿದ ಮೇಲೆ ಮತ್ತೆ ಮುಟ್ಟಲಿಲ್ಲ. ಆ ಮನೆಗೆ ನಾನು ಬಾಟಲಿ ಒಯ್ಯುವುದಿಲ್ಲ, ಅಲ್ಲಿ ಕೂತು ಈ ಮಾತನ್ನೂ ತೆಗೆಯುವುದಿಲ್ಲ. ಗೆಳೆಯನೂ ಕುಡಿಯುವವನಲ್ಲ. ಆದರೆ ನವನಗರದ ನನ್ನ ಮನೆಗೆ ಬಂದಾಗ ಗ್ಲಾಸು ಇಸಿದುಕೊಂಡು ಮೂಗಿನ ಹತ್ತಿರ ಹಿಡಿಯುತ್ತಾನೆ, ವಾಸನೆ ನೋಡಿ ವಾಪಸ್ ಕೊಡುತ್ತಾನೆ. ಒಮ್ಮೆ ಲಫ್ರೋಯ್ಗ್ ಕೊಟ್ಟೆ. ಮೂಗು ಸೊಟ್ಟ ಮಾಡಿ ಅಂದ, "ಸುಟ್ಟ ಬದನಿಕಾಯಿ ಹಿಡಕೊಂಡು ದವಾಖಾನಿಗೆ ಹೋದಂಗ ಆತಲೇ!"

ವಿಸ್ಕಿ ಪಂಡಿತರು ಪುಟಗಟ್ಟಲೆ ಬರೆದಿದ್ದನ್ನು ಓದಿದ್ದೇನೆ. ಲಫ್ರೋಯ್ಗ್ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಅದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ಅನ್ನೋ ದ್ವೀಪದ್ದು. ಅಲ್ಲಿ ಜವುಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪಾಚಿ-ಗಿಡಗಳ ಹೆಂಟೆಯನ್ನು ಅಗೆದು ಒಣಗಿಸುತ್ತಾರೆ. ಅದಕ್ಕೆ ಪೀಟ್ ಅನ್ನುತ್ತಾರೆ. ಅದನ್ನು ಉರಿಸಿ, ಆ ಹೊಗೆಯಲ್ಲಿ ಮೊಳಕೆ ಬಂದ ಜವೆಗೋಧಿಯನ್ನು ಒಣಗಿಸುತ್ತಾರೆ. ಬದನೆಕಾಯಿಯೂ ದವಾಖಾನೆಯ ಟಿಂಚರೂ ಬಂದದ್ದು ಆ ಹೊಗೆಯಿಂದ. 1920ರ ದಶಕದಲ್ಲಿ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಇದನ್ನು ಔಷಧಿ ಅಂತ ಮಾರುತ್ತಿದ್ದರಂತೆ. ವಾಸನೆ ನೋಡಿದರೆ ನಂಬಲೇಬೇಕು.

ನನ್ನ ಮೆಚ್ಚಿನದು ಮಾತ್ರ ಇದಕ್ಕೆ ಪೂರ್ತಿ ಉಲ್ಟಾ. ಗ್ಲೆನ್‌ಫಾರ್ಕ್ಲಾಸ್. ಸ್ಪೇ ನದಿಯ ಸೀಮೆಯದು, 1865ರಿಂದ ಒಂದೇ ಗ್ರಾಂಟ್ ಮನೆತನದವರ ಕೈಯಲ್ಲಿದೆ. ಸ್ಪೇನಿನ ಶೆರಿ ವೈನ್ ಇಟ್ಟಿದ್ದ ಓಕ್ ಪೀಪಾಯಿಗಳಲ್ಲಿ ಇದನ್ನು ಮಾಗಿಸುತ್ತಾರೆ. ನಾಲಿಗೆಯ ಮೇಲಿಟ್ಟುಕೊಂಡರೆ ಒಣದ್ರಾಕ್ಷಿ, ಉತ್ತತ್ತಿ, ಬೆಲ್ಲದ ಪಾಕ... ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟು ತಿಂದವರಿಗೆ ಇದು ಹೊಸ ರುಚಿಯೇ ಅಲ್ಲ. ಒಂದು ಚೂರು ಕರದಂಟು, ಒಂದು ಗುಟುಕು ಗ್ಲೆನ್‌ಫಾರ್ಕ್ಲಾಸ್. ಅಂಟು, ಕೊಬ್ಬರಿ, ಗೋಡಂಬಿ ಬಾಯಲ್ಲಿ ಇರುವಾಗಲೇ ವಿಸ್ಕಿಯ ಖಾರ ಮೇಲಿಂದ ಇಳಿಯಬೇಕು. (ಗೋಕಾಕಿನವರು ಜಗಳಕ್ಕೆ ಬರಬೇಡಿ, ನಿಮ್ಮ ಕರದಂಟೂ ನಡೆಯುತ್ತದೆ!) ಮೂವತ್ತು ಎಂಎಲ್, ನಾಲ್ಕು ಹನಿ ನೀರು, ಸಣ್ಣ ಬಾಯಿಯ ಗಾಜಿನ ಲೋಟ. ಇಷ್ಟಕ್ಕೆ ಮುಕ್ಕಾಲು ತಾಸು ಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಾಗಲಕೋಟೆಯಲ್ಲಿ ಐಸು ಬೇಕೇ ಬೇಕು ಅಂದರೆ ಹಾಕಿಕೊಳ್ಳಿ, ಯಾರೂ ಕೇಸು ಹಾಕುವುದಿಲ್ಲ. ಆದರೆ ಐಸಿಗೆ ಅರ್ಧ ವಾಸನೆ ಸತ್ತು ಹೋಗುತ್ತದೆ.

ಬಾಟಲಿಯನ್ನು ಪೂಜೆ ಮಾಡುವವರ ಬಗ್ಗೆ ಒಂದು ಮಾತು. ಯಾರೋ ದುಬೈಯಿಂದ ತಂದ ಸ್ಕಾಚನ್ನು ಕಪಾಟಿನಲ್ಲಿ ಬೀಗ ಹಾಕಿ ಹದಿನೈದು ವರ್ಷ ಇಟ್ಟು, "ಹಳೇದಾದಷ್ಟು ಛಲೋ" ಅನ್ನುವವರನ್ನು ನೋಡಿದ್ದೇನೆ. ವಿಸ್ಕಿ ಮಾಗುವುದು ಪೀಪಾಯಿಯಲ್ಲಿ. ಸ್ಕಾಚ್ ಅನ್ನಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲಿಯೇ ಕನಿಷ್ಠ ಮೂರು ವರ್ಷ ಓಕ್ ಪೀಪಾಯಿಯಲ್ಲಿ ಇರಬೇಕು. ಚೀಟಿಯ ಮೇಲೆ 12 ವರ್ಷ ಅಂತಿದ್ದರೆ ಅದರಲ್ಲಿ ಬೆರೆತ ಅತಿ ಎಳೆಯ ವಿಸ್ಕಿಗೆ 12 ಆಗಿದೆ ಅಂತ ಅರ್ಥ. ಬಾಟಲಿಗೆ ಬಿದ್ದ ಮೇಲೆ ವಯಸ್ಸು ನಿಂತಿತು. ಮುಚ್ಚಳ ತೆಗೆದು ಕಾಲು ಬಾಟಲಿ ಉಳಿಸಿ ವರ್ಷಗಟ್ಟಲೆ ಇಟ್ಟರಂತೂ ಗಾಳಿಗೆ ರುಚಿ ಸೊರಗುತ್ತದೆ. ಹಂಚಿ ಮುಗಿಸಲು ಇನ್ನೇನು ಕಾರಣ ಬೇಕು? ಖಾಲಿ ಬಾಟಲಿಯಲ್ಲಿ ಮನಿಪ್ಲಾಂಟ್ ಬೆಳೆಸಿ, ಬೇಡ ಅನ್ನಲ್ಲ. ರದ್ದಿಯವನಿಗೆ ಇಡಿಯಾಗಿ ಮಾತ್ರ ಕೊಡಬೇಡಿ, ಖೊಟ್ಟಿ ಮಾಲು ತುಂಬುವವರಿಗೆ ಬೇಕಾದದ್ದು ಅದೇ.

ಹಾಗಂತ ಸ್ಕಾಚ್ ಒಂದೇ ದೊಡ್ಡದು ಅಂತಲೂ ನಾನು ಹೇಳಲಾರೆ. ನಮ್ಮ ದೇಶದ ಅಗ್ಗದ 'ವಿಸ್ಕಿ'ಯ ಬಹುಪಾಲು ಜವೆಗೋಧಿಯದಲ್ಲ, ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು. ಮುಧೋಳ-ಜಮಖಂಡಿಯಲ್ಲಿ ನಾವು ಬೆಳೆಯುವಂಥ ಕಬ್ಬು ಗಾಣಕ್ಕೆ ಹೋಗಿ ಸಕ್ಕರೆಯಾದ ಮೇಲೆ ಉಳಿಯುವ ಕರಿ ಪಾಕ ಈ ಕಾಕಂಬಿ. ಇಂಥದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರುವಂತಿಲ್ಲ. ಆದರೆ ಬೆಂಗಳೂರಿನ ಅಮೃತ್‌ನವರು ಜವೆಗೋಧಿಯ ಸಿಂಗಲ್ ಮಾಲ್ಟ್ ಮಾಡಿ, 2004ರಲ್ಲಿ ನೇರ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು. ಎಂಥ ಧೈರ್ಯ ನೋಡಿ! 2010ರ ತನ್ನ ವಿಸ್ಕಿ ಕೈಪಿಡಿಯಲ್ಲಿ ಜಿಮ್ ಮರ್ರಿ ಅವರ 'ಫ್ಯೂಷನ್'ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ನೂರಕ್ಕೆ ಎರಡು ಪಾಲು ಆವಿಯಾದರೆ, ಬೆಂಗಳೂರಿನಲ್ಲಿ ಹತ್ತಕ್ಕೂ ಹೆಚ್ಚು. ಬಾಗಲಕೋಟೆಯಲ್ಲಿ ಇಟ್ಟರೆ ಪೀಪಾಯಿಯೇ ಉಳಿಯಲಿಕ್ಕಿಲ್ಲ :-)

ಈಗ ನನ್ನ ನಿಜವಾದ ತಕರಾರು. ನಮ್ಮ ಸೀಮೆಯ ಆತಿಥ್ಯ ಅಂದರೆ ಒತ್ತಾಯ. "ಇನ್ನೊಂದ್ ಹಾಕೋರಿ, ಏನೂ ಉಣ್ಣಲೇ ಇಲ್ಲ ನೀವು" ಅಂತ ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತದೆ, ಕೈ ಅಡ್ಡ ಹಿಡಿದರೆ ಕೈಮೇಲೇ ತುಪ್ಪ. ಹೋಳಿಗೆಗೆ ಅದು ಚೆಂದ. ಅದೇ ಚಾಳಿ ಗ್ಲಾಸಿಗೆ ಬಂದಾಗ ನನಗೆ ಸಿಟ್ಟು ಬರುತ್ತದೆ. "ಒಂದ ಪೆಗ್ಗಿಗೆ ಏನ್ ಆಕ್ಕೈತೋ, ಗಂಡಸಲ್ಲೇನ್ ನೀ?" ಬೇಡ ಅಂದವನು ಯಾಕೆ ಬೇಡ ಅಂದ ಅಂತ ಯಾರಿಗೆ ಗೊತ್ತು? ಜೋಳಿಗೆಗೆ ಹಾಕಿ ಬಂದಿರಬಹುದು. ಒಂದು ಗುಟುಕಿನಿಂದ ಮತ್ತೆ ಮೊದಲಿನ ಜಾಗಕ್ಕೇ ಬೀಳಬಹುದು. ಎಷ್ಟು ಕುಡಿದರೂ ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅದು ಗೊತ್ತಿದ್ದೂ ಕುಡಿಯುವುದು ನನ್ನ ಲೆಕ್ಕ, ಇನ್ನೊಬ್ಬನ ತಲೆಗೆ ಕಟ್ಟುವ ಲೆಕ್ಕ ಅಲ್ಲ. ಹಾಗಾಗಿ ನನ್ನ ಮನೆಯ ನೇಮ ಇದು: ಬಾಟಲಿ ಮೇಜಿನ ಮೇಲಿರುತ್ತದೆ, ಕೇಳಿದವರಿಗೆ ಮಾತ್ರ, ಕೇಳಿದಷ್ಟು ಮಾತ್ರ. ಎರಡು ಆದ ಮೇಲೆ ಮುಚ್ಚಳ. ಗಾಡಿ ಹೊಡೆಯುವವನಿಗೆ ವಾಸನೆ ಮಾತ್ರ.

ಬೆಂಗಳೂರಿನಿಂದ ಬರುವ ಗೆಳೆಯರಿಗೆ ಬಾದಾಮಿಯ ಗುಡ್ಡದ ಮೇಲೆ ಕೂತು, ಅಗಸ್ತ್ಯತೀರ್ಥ ನೋಡುತ್ತಾ ಕುಡಿಯುವ ಆಸೆ. ನಾನು ಒಪ್ಪುವುದಿಲ್ಲ. ಆ ಕೆಂಪು ಬಂಡೆಗಳ ಸಂದಿಯಲ್ಲಿ ಒಡೆದ ಗಾಜು ನೋಡಿದ್ದೇನೆ. ಅಲ್ಲೇ ಬರಿಗಾಲಲ್ಲಿ ಹುಡುಗರು ಆಡುತ್ತಿರುತ್ತವೆ. ಮೊದಲು ಗುಡಿ ನೋಡಿರಿ, ಸಂಜೆ ಮನೆಗೆ ಬರ್ರಿ ಅನ್ನುತ್ತೇನೆ.

2025ರ ಜುಲೈನಲ್ಲಿ ಬ್ರಿಟನ್ನಿನ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚಿನ ಆಮದು ಸುಂಕ ನೂರೈವತ್ತರಿಂದ ಮೊದಲು ಎಪ್ಪತ್ತೈದಕ್ಕೆ, ಹತ್ತು ವರ್ಷದಲ್ಲಿ ನಲವತ್ತಕ್ಕೆ ಇಳಿಯಬೇಕು. ಇಳಿಯಲಿ, ನಮ್ಮ ಜೇಬಿಗೂ ಒಳ್ಳೆಯದೇ. ಸದ್ಯಕ್ಕೆ ನನ್ನ ಗ್ಲೆನ್‌ಫಾರ್ಕ್ಲಾಸಿನಲ್ಲಿ ನಾಲ್ಕು ಬೆರಳು ಉಳಿದಿದೆ. ಬಾಗಲಕೋಟೆ ಕಡೆ ಬಂದರೆ ತಿಳಿಸಿ. ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟು ತರುವುದು ಮಾತ್ರ ನಿಮ್ಮ ಪಾಲಿನದು.