ತಾನೇ ಆಡಿಕೊಳ್ಳುವ ಆಟಕ್ಕೆ ನಾವ್ಯಾಕೆ ಬೇಕು?



ಮೊಬೈಲ್ ಬಗ್ಗೆ ಗೋಡೆ ಪತ್ರಿಕೆಗೆ ಬರೆಯೋರೆಲ್ಲ ಕಣ್ಣು ಹಾಳು, ಓದು ಹಾಳು ಅಂತಲೇ ಬರೆಯುತ್ತಾರೆ. ನಾನೂ ಅದನ್ನೇ ಬರೆದರೆ ನೀವು ಅರ್ಧಕ್ಕೇ ಬಿಟ್ಟು ನೀರಿನ ಟ್ಯಾಂಕ್ ಕಡೆ ಹೋಗ್ತೀರಿ. ನನಗೆ ಆಟ ಅಂದರೆ ಇಷ್ಟ. ನಾನು ಇಲ್ಲಿ ಕೇಳ್ತಿರೋದು ಒಂದೇ ಜಾತಿಯ ಆಟದ ಬಗ್ಗೆ. ಮೊಬೈಲಿನಲ್ಲಿ ನಾವು ಒಬ್ಬ ವೀರನೋ ಮಂತ್ರವಾದಿಯೋ ಆಗಿ, ರಾಕ್ಷಸರ ಜೊತೆ ಯುದ್ಧ ಮಾಡಿ, ಲೆವೆಲ್ ಏರಿಸಿಕೊಳ್ಳುತ್ತಾ ಹೋಗುವ ಆಟ ಇದೆಯಲ್ಲ, ಅದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಅಂತಾರೆ. ಅದರಲ್ಲಿ ತೀರಾ ಹಗುರದವು ಕೆಲವು ಇವೆ. ಅವಕ್ಕೆ ನಮ್ಮ ಹೊತ್ತು ಕೊಡಬಹುದಾ? ಕೊಡಬಾರದು ಅಂತ ನನ್ನ ಅಭಿಪ್ರಾಯ.

ಪಿಯುಸಿ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗ ಇಂಥದ್ದೊಂದು ಆಡ್ತಾನೆ. ಅದರ ಹೆಸರು ಇಲ್ಲಿ ಬೇಡ. ಅದರಲ್ಲಿ 'ಆಟೋ' ಅಂತ ಒಂದು ಬಟನ್ ಇದೆ. ಒತ್ತಿದರೆ ವೀರರು ತಾವೇ ಹೊಡೆದಾಡಿ, ತಾವೇ ಗೆದ್ದು, ಚಿನ್ನ ತಂದು ಇಡ್ತಾರೆ. ಅಣ್ಣ ಬರೀ ನೋಡ್ತಿರ್ತಾನೆ. ಕೆಲವು ಸಲ ನೋಡೋದೂ ಇಲ್ಲ. "ನೀನು ಆಡ್ತಿದೀಯಾ, ಅದು ಆಡ್ತಿದೆಯಾ?" ಅಂತ ಕೇಳಿದೆ. "ಅದೇ ಆಡಿಕೊಳ್ಳೋದ್ರಿಂದ ನನಗೆ ಟೈಮ್ ವೇಸ್ಟ್ ಇಲ್ಲ ಕಣೇ" ಅಂದ. ಜಾಣ ಉತ್ತರವೇ. 2019ರಲ್ಲಿ ಬಂದ 'ಎಎಫ್‌ಕೆ ಅರೀನಾ' ಅನ್ನೋ ಆಟವೂ ಇದೇ ತರಹದ್ದು. ಎಎಫ್‌ಕೆ ಅಂದರೆ 'ಕೀಬೋರ್ಡ್ ಬಿಟ್ಟು ದೂರ' ಅಂತ ಅರ್ಥ, ಹೆಸರಲ್ಲೇ ಹೇಳಿಬಿಟ್ಟಿದ್ದಾರೆ! ಐದು ಜನ ವೀರರನ್ನು ನಿಲ್ಲಿಸಿ ಶುರು ಅಂದರೆ ಸಾಕು, ಹೊಡೆದಾಟ ಅವರೇ ನೋಡಿಕೊಳ್ತಾರೆ. ನಾವು ಮಲಗಿದ್ದರೂ ಬಹುಮಾನ ಕೂಡಿಕೊಳ್ಳುತ್ತಾ ಇರುತ್ತೆ.

ಹಾಗಾದ್ರೆ ಹೊತ್ತು ಉಳೀತಾ? ಒಂದು ಭಾನುವಾರ ನಾನು ರಫ್ ಪುಸ್ತಕದ ಹಿಂದೆ ಗೆರೆ ಹಾಕ್ತಾ ಹೋದೆ. ಬೆಳಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೆ ಅಣ್ಣ 23 ಸಲ ಆ ಆಟ ಓಪನ್ ಮಾಡಿದ. ಒಂದೊಂದು ಸಲವೂ ಮೂರು ನಾಲ್ಕು ನಿಮಿಷ ಅಷ್ಟೇ. ಎಲ್ಲಾ ಕೂಡಿದರೂ ಒಂದು ಸಿನಿಮಾದಷ್ಟು ಆಗಲ್ಲ. ಆದರೆ ಅದರಲ್ಲಿ ಒಂದು ಸಲ ಊಟದ ನಡುವೆ, ಒಂದು ಸಲ ಅಜ್ಜಿ ಮಾತಾಡ್ತಿರುವಾಗ, ಎರಡು ಸಲ ನನ್ನ ಜೊತೆ ಆಡು-ಹುಲಿ ಆಡುವಾಗ. ಜಗಲಿ ಮೇಲೆ ಗೆರೆ ಎಳೆದು ನನಗೆ ಆಡು-ಹುಲಿ ಕಲಿಸಿದವನೇ ಅವನು. ಅವನ ಹುಲಿಯನ್ನು ಇನ್ನೇನು ಕಟ್ಟಿಹಾಕಬೇಕು ಅನ್ನುವಾಗ ಫೋನು ಟಿಣ್ ಅನ್ನುತ್ತೆ. "ಒಂದ್ನಿಮಿಷ, ಚಿನ್ನ ತುಂಬಿದೆ" ಅಂತಾನೆ. ಆಮೇಲೆ ಯಾರ ಸರದಿ ಅಂತಲೇ ಮರೆತಿರ್ತಾನೆ. ಸೋತರೂ ಅವನಿಗೆ ಬೇಜಾರಿಲ್ಲ, ಗೆದ್ದ ನನಗೇ ಬೇಜಾರು. ಹಗುರದ ಆಟ ಒಂದೇ ಸಲಕ್ಕೆ ಹೊತ್ತು ನುಂಗಲ್ಲ, ಇಡೀ ದಿನವನ್ನ ಇಲಿ ಕಡಿದ ಹಾಗೆ ಕಡಿದು ಹಾಕುತ್ತೆ.

ನಮ್ಮ ವಿಜ್ಞಾನದ ಮೇಷ್ಟ್ರು ಇದಕ್ಕೆ ಒಂದು ಸಂಗತಿ ಹೇಳಿದರು. ಅಮೆರಿಕದಲ್ಲಿ ಇಯಾನ್ ಬೊಗೋಸ್ಟ್ ಅನ್ನೋ ಪ್ರಾಧ್ಯಾಪಕರು 2010ರಲ್ಲಿ ಇಂಥ ಆಟಗಳನ್ನು ಅಣಕಿಸೋಕೆ ಅಂತ ಫೇಸ್‌ಬುಕ್‌ನಲ್ಲಿ 'ಕೌ ಕ್ಲಿಕರ್' ಅನ್ನೋ ಆಟ ಮಾಡಿದರು. ನಿಮಗೆ ಒಂದು ಹಸುವಿನ ಚಿತ್ರ ಕೊಡ್ತಾರೆ. ಅದನ್ನು ಒಂದು ಸಲ ಒತ್ತಬೇಕು. ಮತ್ತೆ ಒತ್ತೋಕೆ ಆರು ಗಂಟೆ ಕಾಯಬೇಕು. ಅಷ್ಟೇ ಆಟ! ತಮಾಷೆಗೆ ಮಾಡಿದ್ದನ್ನ ಸಾವಿರಾರು ಜನ ನಿಜವಾಗಲೂ ಆಡಿದರು. 2011ರಲ್ಲಿ ಅವರು ಹಸುಗಳನ್ನೆಲ್ಲ ಮಾಯ ಮಾಡಿದರು. ಆಮೇಲೂ ಕೆಲವರು ಹಸು ಇದ್ದ ಖಾಲಿ ಜಾಗವನ್ನ ಒತ್ತುತ್ತಲೇ ಇದ್ದರಂತೆ.

ನಮ್ಮನೇಲೂ ಹಸು ಇದೆ. ದಿನಾ ಎರಡು ಹೊತ್ತು ಅಮ್ಮ ಹಾಲು ಕರೀಬೇಕು, ಜ್ವರ ಬಂದರೂ ತಪ್ಪಿಸೋ ಹಾಗಿಲ್ಲ. ಆದರೆ ಡೈರಿಯಲ್ಲಿ ಹಾಲು ಅಳೆದು ಬರೆದುಕೊಳ್ತಾರೆ, ದುಡ್ಡು ಬರುತ್ತೆ. ಅಣ್ಣನ ಆಟದಲ್ಲೂ 'ದಿನದ ಕೆಲಸ' ಅಂತ ಒಂದು ಪಟ್ಟಿ ಇರುತ್ತೆ. ಕೊಟ್ಟಿಗೆ ಬಾಚು ಅಂದರೆ ಕೇಳದವನು ಆ ಪಟ್ಟಿಯನ್ನ ಒಂದು ದಿನವೂ ತಪ್ಪಿಸಲ್ಲ.

ಎಲ್ಲಾ ರೋಲ್ ಪ್ಲೇಯಿಂಗ್ ಆಟವೂ ಹೀಗೇ ಅಂತ ನಾನು ಹೇಳಲ್ಲ. 1986ರಲ್ಲಿ ಜಪಾನಿನಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಬಂತು. ಅದು ಟಿವಿಗೆ ಸಿಕ್ಕಿಸಿ ಆಡೋದು. ಅರ್ಧಕ್ಕೆ ನಿಲ್ಲಿಸಬೇಕಾದರೆ ಆಟ ಇಪ್ಪತ್ತು ಅಕ್ಷರದ ಒಂದು ಗುಟ್ಟಿನ ಮಂತ್ರ ತೋರಿಸ್ತಿತ್ತು. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ತಪ್ಪಿಲ್ಲದೆ ತುಂಬಬೇಕು. ನಮ್ಮ ಉಕ್ತಲೇಖನಕ್ಕಿಂತ ಕಷ್ಟ! ಆದರೆ ಒಂದು ತಿಂಗಳು ಬಿಟ್ಟು ಬಂದರೂ ಆಟ ಅಲ್ಲೇ ನಿಂತಿರುತ್ತೆ. ಕೊನೆಯ ರಾಕ್ಷಸರಾಜ ಸೋತರೆ ಮುಗೀತು, ಎದ್ದು ಹೋಗಬಹುದು. ಅಣ್ಣನ ಆಟ ಮುಗಿಯೋದೇ ಇಲ್ಲ. ಒಂದು ದಿನ ಹೋಗದಿದ್ದರೆ ಆ ದಿನದ ಬಹುಮಾನ ಹೋಯ್ತು.

ದುಡ್ಡಿನ ವಿಷಯವನ್ನೂ ಸ್ವಲ್ಪ ಹೇಳ್ತೀನಿ. ಹೊಸ ವೀರ ಬೇಕಾದರೆ ಅದೃಷ್ಟದ ಚೀಟಿ ಎತ್ತಿದ ಹಾಗೆ ಎತ್ತಬೇಕು. ಇದಕ್ಕೆ 'ಗಾಚಾ' ಅಂತಾರೆ. ಜಪಾನಿನಲ್ಲಿ ನಾಣ್ಯ ಹಾಕಿ ತಿರುಗಿಸಿದರೆ ಬೊಂಬೆಯ ಡಬ್ಬಿ ಬೀಳುವ ಯಂತ್ರದಿಂದ ಬಂದ ಹೆಸರು. ಪೆಟ್ಟಿಗೆ ಅಂಗಡೀಲಿ ರಟ್ಟಿನಿಂದ ಚೀಟಿ ಕೀಳ್ತೀವಲ್ಲ, ಅದರ ಅಣ್ಣ. 2020ರಲ್ಲಿ ಬಂದ 'ಗೆನ್‌ಶಿನ್ ಇಂಪ್ಯಾಕ್ಟ್' ದೊಡ್ಡ ಆಟ, ಬೆಟ್ಟ ಹತ್ತಿ ಸುತ್ತಾಡಬಹುದು, ಅದನ್ನ ಹಗುರದ್ದು ಅನ್ನೋಕಾಗಲ್ಲ. ಅದರಲ್ಲೂ ಅತಿ ಅಪರೂಪದ ಪಾತ್ರ ಬೀಳುವ ಅವಕಾಶ ಶೇಕಡಾ 0.6. ಅಂದರೆ ಸಾವಿರ ಚೀಟಿಗೆ ಆರು. 90ನೇ ಚೀಟಿಗೆ ಒಂದು ಖಂಡಿತ ಅಂತ ನಿಯಮ ಇದೆ. ಅಲ್ಲೀವರೆಗೆ ಎತ್ತೋರು ಯಾರು? ಬೆಲ್ಜಿಯಂ ದೇಶದಲ್ಲಿ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜು ಅಂದರು.

ನಮ್ಮ ಸೋದರಮಾವ ಲಾರಿ ಓಡಿಸ್ತಾರೆ. ಮಂಡಿಯಲ್ಲಿ ಲೋಡ್ ಇಳಿಸೋವರೆಗೆ ಇಂಥದ್ದೇ ಆಟ ಆಡ್ತಾರೆ. ಅವರಿಗೆ ನಾನು ಬೇಡ ಅನ್ನಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರಿಗೆ ತಲೆಗೆ ಕೆಲಸ ಕೊಡದ ಆಟವೇ ಸರಿ. ಲೋಡ್ ಇಳೀತು ಅಂದರೆ ಫೋನ್ ಜೇಬಿಗೆ. ಅಣ್ಣ ಇದನ್ನೇ ಹಿಡಿದು "ನೋಡು, ಮಾವನೂ ಆಡ್ತಾರೆ" ಅಂದ. ಆದರೆ ಮಾವ ಲೋಡಿಗೆ ಕಾಯ್ತಾ ಆಡ್ತಾರೆ, ಇವನು ಆಟಕ್ಕೇ ಕಾಯ್ತಾ ಕೂತಿರ್ತಾನೆ.

ಇದನ್ನ ಹಾಳೆಗೆ ಇಳಿಸೋ ಮುಂಚೆ ಅವನಿಗೆ ಓದಿ ಹೇಳಿದೆ. "ಈ ಲೆವೆಲ್ ದಾಟಲಿ, ಆಮೇಲೆ ಮಾತಾಡೋಣ" ಅಂದ. ನಿಮ್ಮಲ್ಲಿ ಆ ಆಟಗಳ ಪರವಾಗಿ ಬರೆಯೋರಿದ್ದರೆ ಶುಕ್ರವಾರದೊಳಗೆ ಸಂಪಾದಕ ಮಂಡಳಿಗೆ ಕೊಡಿ. ಈ ಹಾಳೆ ಪಕ್ಕದಲ್ಲೇ ಅಂಟಿಸ್ತೀವಿ.

— ಏಳನೇ ತರಗತಿ ವಿದ್ಯಾರ್ಥಿನಿ