ನಗಿಸುವ ಫಲಕ, ದಿನಭತ್ಯೆಯ ಕಾವಲು

ಚಿಕ್ಕಬಳ್ಳಾಪುರ: ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿರುವುದು ಹಿಂದೆ 234 ಎನಿಸಿದ್ದ, ಈಗಿನ 69ನೇ ರಾಷ್ಟ್ರೀಯ ಹೆದ್ದಾರಿ. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕ ಓದದೆ ರಾಜ್ಯದ ಹೆದ್ದಾರಿಗಳಲ್ಲಿ ಸಾಗಿದವರು ವಿರಳ.

ಚಮತ್ಕಾರದ ಫಲಕಗಳಿಗೆ ದೇಶದಲ್ಲಿ ಹೆಸರಾದದ್ದು 1960ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆ. ಲಡಾಖಿನ ತಿರುವುಗಳಲ್ಲಿ ಅದು ಚಾಲಕರನ್ನು ನಗಿಸಿಯೇ ಎಚ್ಚರಿಸುತ್ತದೆ. ಆದರೆ ಅಮೆರಿಕದ ಹೆದ್ದಾರಿ ಆಡಳಿತವು 2023ರ ಡಿಸೆಂಬರಿನ ಕೈಪಿಡಿಯಲ್ಲಿ, ಅರ್ಥವಾಗಲು ಹೊತ್ತು ಹಿಡಿಯುವ ಹಾಸ್ಯೋಕ್ತಿಗಳು ವಿದ್ಯುನ್ಮಾನ ಫಲಕಗಳಲ್ಲಿ ಬೇಡವೆಂದಿತು.

ನಗಿಸಲಿ, ಬಿಡಲಿ, ಫಲಕಕ್ಕೆ ಮಿತಿಯಿದೆ. 2023ರ ಅಕ್ಟೋಬರ್ 26ರಂದು ಚಿಕ್ಕಬಳ್ಳಾಪುರದ ಬಳಿ 44ನೇ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಅಪ್ಪಳಿಸಿ 13 ಮಂದಿ ಅಸುನೀಗಿದಾಗ ಬೆಳಗಿನ ಮಂಜು ಕವಿದಿತ್ತು. ಅಂಥ ಹೊತ್ತಿನಲ್ಲಿ ನಿಂತ ವಾಹನವನ್ನು ತೆರವುಗೊಳಿಸಲು, ಹಿಂದೆ ಬರುವವರನ್ನು ತಡೆಯಲು ಮನುಷ್ಯನೇ ಬೇಕು.

ಪೊಲೀಸರೊಡನೆ ಸಂಚಾರ ನಿಯಂತ್ರಣಕ್ಕೆ ನಿಲ್ಲುವ ಗೃಹರಕ್ಷಕ, 1962ರ ಕರ್ನಾಟಕ ಕಾಯ್ದೆಯಡಿ ಬರುವ ಸ್ವಯಂಸೇವಕ. ಆತನಿಗೆ ಸಂಬಳವಿಲ್ಲ, ಕರೆದ ದಿನಕ್ಕಷ್ಟೇ ಭತ್ಯೆ. 30 ದಿನಗಳ ಭತ್ಯೆ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ಹೇಳಿತು. ಕಾಯಂ ನೌಕರಿಯ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ.

ತೊಡಕಿರುವುದು ಇಲ್ಲಿಯೇ. ಕರ್ತವ್ಯ 15 ದಿನವಷ್ಟೇ ಸಿಕ್ಕರೆ ಕೈಗೆ ಬರುವುದು ಅರ್ಧ. ದರ ಎಷ್ಟೇ ಏರಿದರೂ, ತಿಂಗಳಿಗೆ ಎಷ್ಟು ದಿನ ಕೆಲಸವೆಂಬುದು ಮೊದಲೇ ನಿಗದಿಯಾಗದ ಹೊರತು ಆ ಸಂಸಾರದ ಲೆಕ್ಕ ಸರಿಹೋಗದು. ಫಲಕಕ್ಕೆ ಒಮ್ಮೆ ಬಣ್ಣ ಬಳಿದರೆ ವರ್ಷಗಟ್ಟಲೆ ಸಾಕು. ಕಾವಲಿಗೆ ನಿಂತವನಿಗೆ ಪ್ರತಿ ತಿಂಗಳೂ ಕೊಡಬೇಕು. ರಸ್ತೆ ಸುರಕ್ಷತೆಯ ಆಯವ್ಯಯದಲ್ಲಿ ಮೊದಲ ಸಾಲು ಆತನದಾಗಬೇಕು.