ಪೌರರಲ್ಲಿ ಅಸಲಿ, ನಕಲಿ?

ವಿದೇಶದಲ್ಲಿ ಹುಟ್ಟಿದವರು ಭಾರತದ ಪ್ರಧಾನಿಯಾಗಕೂಡದು ಎಂಬ ವಾದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲೂ ನಮ್ಮ ಕಿವಿಗೆ ಬಿದ್ದಿದೆ. ಸಂವಿಧಾನ ಹೇಳುವುದೇನು? ರಾಷ್ಟ್ರಪತಿಯಾಗುವವರು ಭಾರತದ ಪೌರರಾಗಿರಬೇಕು, 35 ವರ್ಷ ತುಂಬಿರಬೇಕು ಎನ್ನುತ್ತದೆ 58ನೇ ವಿಧಿ. ಪ್ರಧಾನಿಯು ಸಂಸತ್ ಸದಸ್ಯರಾಗಿರಬೇಕು, ಇಲ್ಲವೇ ಆರು ತಿಂಗಳೊಳಗೆ ಆಗಬೇಕು; ನೆರೆಯ ಹಾಸನ ಜಿಲ್ಲೆಯ ದೇವೇಗೌಡರು 1996ರಲ್ಲಿ ಹಾಗೆಯೇ ಪ್ರಧಾನಿಯಾದರು. ಹುಟ್ಟಿದ ನೆಲದ ಪ್ರಸ್ತಾಪವೇ ಇಲ್ಲ. ಅಮೆರಿಕದ ಅಧ್ಯಕ್ಷರು ಹುಟ್ಟಿನಿಂದಲೇ ಪೌರರಾಗಿರಬೇಕೆಂಬ ಷರತ್ತು ನಮ್ಮ ಸಂವಿಧಾನ ರಚಿಸಿದವರಿಗೆ ತಿಳಿಯದ್ದೇ? ಅವರು ಅದನ್ನು ತರಲಿಲ್ಲ.

1983ರಲ್ಲಿ ಪೌರತ್ವ ಪಡೆದ ಸೋನಿಯಾ ಗಾಂಧಿಯವರನ್ನು 1999ರಲ್ಲಿ ಬಳ್ಳಾರಿಯ ಮತದಾರರು ಸುಷ್ಮಾ ಸ್ವರಾಜ್‌ರ ಎದುರು ಗೆಲ್ಲಿಸಿದರು. (ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟದ್ದು ಬೇರೆ ಮಾತು.) 2004ರಲ್ಲಿ, ಸೋನಿಯಾ ಪ್ರಧಾನಿಯಾದರೆ ತಲೆ ಬೋಳಿಸಿಕೊಳ್ಳುವುದಾಗಿ ಅದೇ ಸುಷ್ಮಾ ಗುಡುಗಿದರು. ಸೋನಿಯಾ ಹುದ್ದೆಯನ್ನು ಒಪ್ಪಲಿಲ್ಲ. ಆದರೆ ಕಾನೂನು ಅವರನ್ನು ತಡೆದಿರಲಿಲ್ಲ.

ನಾವು ಅವರ ಪಕ್ಷದ ವಕಾಲತ್ತು ವಹಿಸುತ್ತಿಲ್ಲ. ಆ ಪಕ್ಷಕ್ಕೆ ನಮ್ಮ ನೆನಪಾಗುವುದು ಚುನಾವಣೆ ಬಂದಾಗ. ಆದರೆ ಪೌರರಲ್ಲೇ ತರಗತಿ ಮಾಡುವ ಮನಸ್ಸು ದಿಲ್ಲಿಯ ಗದ್ದುಗೆಯ ಬಳಿಯೇ ನಿಲ್ಲುವುದೇ? 2019ರ ತಿದ್ದುಪಡಿ ಕಾಯ್ದೆಯು ಮೂರು ನೆರೆದೇಶಗಳಿಂದ ಬಂದವರಿಗೆ ಪೌರತ್ವ ನೀಡಲು ಧರ್ಮವನ್ನೇ ಅಳತೆಗೋಲಾಗಿಸಿತು. ಅದರ ಬೆನ್ನಿಗೆ ಎನ್‌ಆರ್‌ಸಿಯ ಮಾತು ಬಂತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಮ್ಮ ಮನೆಗಳಲ್ಲಿ ಅಜ್ಜಿಯರ ಜನನ ಪತ್ರಕ್ಕಾಗಿ ಹಳೆಯ ಟ್ರಂಕುಗಳನ್ನು ತಡಕಾಡಿದೆವು. ಅವರು ಹುಟ್ಟಿದ್ದು ಇದೇ ತೆಂಗಿನ ತೋಟಗಳ ನಡುವೆ. ಹುಟ್ಟೇ ದೊಡ್ಡದೆಂದು ಬಳ್ಳಾರಿಯಲ್ಲಿ ಸಾರಿದವರಿಗೆ ಈಗ ಆ ಹುಟ್ಟೂ ಸಾಲದಾಗಿತ್ತು, ಅದಕ್ಕೊಂದು ಕಾಗದ ಬೇಕಿತ್ತು.